ಐದು ಸಾವಿರ ವಾಟಿನ ಡಬ್ಬಿ, ಐದು ವಾಟಿನ ಸದ್ದು!

ಹಾವೇರಿ: ಮೆಣಸಿನಕಾಯಿ ಕೊಳ್ಳುವಾಗ ಕಾಯಿ ಮುರಿದು ನೋಡುತ್ತೇವೆ, ಮೂಸಿ ನೋಡುತ್ತೇವೆ. ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ಎಣಿಸುತ್ತೇವೆ. ಸೀರೆಯಾದರೆ ಸೆರಗು ಬಿಚ್ಚಿಸಿ ಬೆಳಕಿಗೆ ಹಿಡಿಸುತ್ತೇವೆ. ಆದರೆ ಅದೇ ಜಾಣ ಗಿರಾಕಿ ಕಂಪ್ಯೂಟರಿಗೆ ಸ್ಪೀಕರ್ ತರಲು ಹೋದಾಗ ಡಬ್ಬಿಯ ಮೇಲಿನ ಅಂಕಿ ಓದಿ, ನೋಟು ಎಣಿಸಿ ಕೊಟ್ಟು ಬರುತ್ತಾನೆ. ಕಿವಿಯಿಂದ ಕೇಳುವ ಮಾಲನ್ನು ಕಣ್ಣಿನಿಂದ ಕೊಳ್ಳುವ ಈ ವಿಚಿತ್ರ ವ್ಯಾಪಾರ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳಲ್ಲಿ ಸಾಂಗವಾಗಿ ನಡೆದಿದೆ.

ರಾಣೆಬೆನ್ನೂರಿನ ಒಂದು ಅಂಗಡಿಯಲ್ಲಿ ಮೊನ್ನೆ ನಡೆದ ಮಾತುಕತೆ ಇದು. ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗ.

"ಅಣ್ಣಾರ, ಕಂಪ್ಯೂಟರಿಗೆ ಹಚ್ಚೋ ಸ್ಪೀಕರ್ ತೋರಸ್ರಿ."

"ಯಾವ ನಮೂನಿ ಬೇಕ್ರಿ ಯಜಮಾನ್ರ? ಇದು ನೋಡ್ರಿ, ಐದು ಸಾವಿರ ವಾಟ್ ಐತಿ. ಲೈಟೂ ಹತ್ತತಾವ."

"ಲೈಟ್ ತಗೊಂಡು ಏನ್ ಮಾಡ್ಲಿ? ನನಗ ಪುಟ್ಟರಾಜ ಗವಾಯಿಗಳ ವಚನ ಕೇಳಾಕ ಆಗಬೇಕು. ಇವಗ ಆಟ ಆಡಾಕ ಆಗಬೇಕು. ಒಂದರಾಗ ಎರಡೂ ಆಗ್ತಾವೇನ್ ಹೇಳ್ರಿ."

ಹಿರಿಯರು ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಆದರೆ ಉತ್ತರ ಬರಲಿಲ್ಲ, ಬಂದದ್ದು ಇನ್ನೊಂದು ದೊಡ್ಡ ಡಬ್ಬಿ. ಆ ಉತ್ತರವನ್ನು ಈ ಅಂಕಣದಲ್ಲಿ ಹುಡುಕೋಣ. ಎರಡು ಸಾವಿರ, ನಾಲ್ಕು ಸಾವಿರ ರೂಪಾಯಿ ಎಂದರೆ ನಮ್ಮ ಜಿಲ್ಲೆಯಲ್ಲಿ ಸಣ್ಣ ಮೊತ್ತವೇನಲ್ಲ. ಅದು ಕೂಲಿಯ ವಾರಗಳ ಲೆಕ್ಕ.

ಪಿಎಂಪಿಓ ಎಂಬ ಮಾಯೆ

ಮೊದಲು ಆ ಐದು ಸಾವಿರ ವಾಟಿನ ಕಥೆ ಮುಗಿಸಿಬಿಡೋಣ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಂಕಿ, ಅದರ ಮಗ್ಗುಲಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ 'ಪಿಎಂಪಿಓ' ಎಂದು ಇರುತ್ತದೆ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಮುಗಿದುಹೋಗುವ ಒಂದು ಕ್ಷಣದ ಸಿಡಿತಕ್ಕೆ ಕಂಪನಿಯವರು ಕಟ್ಟುವ ಬೆಲೆ ಅದು. ಅದನ್ನು ಹೀಗೆಯೇ ಅಳೆಯಬೇಕೆಂಬ ಒಪ್ಪಿತ ಪದ್ಧತಿ ಯಾವುದೂ ಇಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ತೂಕದ ಯಂತ್ರಕ್ಕೆ ಸರ್ಕಾರದ ಮುದ್ರೆ ಬೇಕು. ಪಿಎಂಪಿಓ ಎಂಬ ತಕ್ಕಡಿಗೆ ಯಾರ ಮುದ್ರೆಯೂ ಇಲ್ಲ. ಮನಸ್ಸಿಗೆ ಬಂದಷ್ಟು ಬರೆದುಕೊಳ್ಳಬಹುದು, ಬರೆದುಕೊಳ್ಳುತ್ತಿದ್ದಾರೆ.

ನೋಡಬೇಕಾದದ್ದು 'ಆರ್‌ಎಂಎಸ್' ವಾಟು. ಸ್ಪೀಕರಿನ ಒಳಗಿರುವ ಆಂಪ್ಲಿಫೈಯರ್ ದಣಿಯದೆ, ಬಿಡದೆ, ಸತತವಾಗಿ ಕೊಡಬಲ್ಲ ಶಕ್ತಿ ಅದು. ಡಬ್ಬಿಯ ಮೇಲೆ ಆರ್‌ಎಂಎಸ್ ಅಂಕಿಯೇ ಇಲ್ಲದಿದ್ದರೆ? ಹಿಂಬದಿಗೆ ತಿರುಗಿಸಿ, ಕರೆಂಟಿನ ವಿವರ ಬರೆದ ಚೀಟಿ ಓದಬೇಕು. '230 ವೋಲ್ಟ್, 50 ಹರ್ಟ್ಜ್, 30 ವಾಟ್' ಎಂದಿದ್ದರೆ ಆ ಪೆಟ್ಟಿಗೆ ಗೋಡೆಯ ಪ್ಲಗ್ಗಿನಿಂದ ಎಳೆದುಕೊಳ್ಳುವುದೇ 30 ವಾಟ್. ಬಾವಿಯಿಂದ 30 ಕೊಡ ಸೇದಿ ತೊಟ್ಟಿಗೆ 5,000 ಕೊಡ ಸುರಿಯಲು ಯಾವ ಮಂತ್ರವಾದಿಗೂ ಆಗದು. ಸುರಿಯುವಾಗ ಒಂದಷ್ಟು ಚೆಲ್ಲುವುದೂ ಉಂಟು, ಅದು ಬಿಸಿಯಾಗಿ ಹೋಗುತ್ತದೆ.

ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಸಾಕು, ಬೇರೆ ಕರೆಂಟ್ ಬೇಡ ಎನ್ನುವ ಸಣ್ಣ ಸ್ಪೀಕರುಗಳ ಲೆಕ್ಕ ಇನ್ನೂ ಸುಲಭ. ಹಳೆಯ ನಮೂನೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿದರೆ ಎರಡೂವರೆ ವಾಟ್. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೂ ಬರುವ ಗುಣಾಕಾರ ಇದು. ಹಾಗಿದ್ದೂ 'ನೂರು ವಾಟ್' ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿದವರ ಧೈರ್ಯವನ್ನು ಮೆಚ್ಚಲೇಬೇಕು!

ಊರಲ್ಲೇ ಜೋಡಿಸಿ ಮಾರುವ 'ಅಸೆಂಬಲ್' ಪೆಟ್ಟಿಗೆಗಳ ಮಾತು ಬಂದಿತೆಂದು ಇಲ್ಲೇ ಹೇಳುತ್ತೇನೆ. ಒಳಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಟಿಡಿಎ 2030 ಎಂಬ ಐಸಿ ಇದ್ದರೆ ಒಂದೊಂದು ಸುಮಾರು 14 ವಾಟ್ ಕೊಡುತ್ತದೆ, ಅದೂ ಸರಿಯಾದ ಟ್ರಾನ್ಸ್‌ಫಾರ್ಮರ್ ಹಾಕಿದ್ದರೆ. ಮೂರು ಐಸಿ ಎಂದರೆ 42. ಅದೇನೂ ಕೆಟ್ಟದ್ದಲ್ಲ, ಮನೆಗೆ ಧಾರಾಳ ಸಾಕು. ಕೆಟ್ಟರೆ ನಮ್ಮ ಓಣಿಯ ರಿಪೇರಿಯವರ ಕೈಗೂ ಬಗ್ಗುತ್ತದೆ ಎಂಬ ಅನುಕೂಲ ಬೇರೆ. ಆದರೆ 42ನ್ನು 4,200 ಎಂದು ಹೇಳಿ ಮಾರಬಾರದು, ಅಷ್ಟೇ.

ಎಷ್ಟು ವಾಟ್ ಬೇಕು?

ಇಲ್ಲಿ ಗಿರಾಕಿಗೆ ಆಶ್ಚರ್ಯ ಕಾದಿದೆ. ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟು ಆಗುವುದಿಲ್ಲ. ವಾಟ್ ದುಪ್ಪಟ್ಟಾದರೆ ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ 'ಸ್ವಲ್ಪ ಏರಿತು' ಎನಿಸುವಷ್ಟು. ಸದ್ದು ಎರಡರಷ್ಟಾಯಿತು ಎಂದು ಕಿವಿ ಒಪ್ಪಬೇಕಾದರೆ 10 ಡೆಸಿಬಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. ಅಂದಮೇಲೆ 20 ವಾಟಿನ ಜೋಡಿಗೂ 40 ವಾಟಿನ ಜೋಡಿಗೂ ನಡುವೆ ಸಾವಿರಾರು ರೂಪಾಯಿ ಅಂತರ ಇದ್ದರೆ, ಆ ಹಣವನ್ನು ಬರೀ ವಾಟಿಗೆ ಕೊಡುವುದು ದಂಡ. ಒಳ್ಳೆಯ ಕೋನಿಗೆ, ಗಟ್ಟಿ ಮರದ ಪೆಟ್ಟಿಗೆಗೆ, ಬೇರೆ ಟ್ವೀಟರಿಗೆ ಕೊಟ್ಟರೆ ಅದು ಬೇರೆ ಮಾತು.

ಇನ್ನೊಂದು ಲೆಕ್ಕ. ಸಾಧಾರಣ ಸ್ಪೀಕರ್ ಒಂದು ವಾಟ್ ಉಂಡು ಒಂದು ಮೀಟರ್ ದೂರದಲ್ಲಿ 85 ಡೆಸಿಬಲ್ ಆಸುಪಾಸು ಸದ್ದು ಕೊಡುತ್ತದೆ. ಕಂಪ್ಯೂಟರ್ ಮೇಜಿನ ಮುಂದೆ ಕೂತವನ ಕಿವಿ ಸ್ಪೀಕರಿಗೆ ಎರಡು-ಎರಡೂವರೆ ಅಡಿ ದೂರ, ಒಂದು ಮೀಟರಿಗಿಂತ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು, ಸದ್ದು ಏರಿದಂತೆ ತಾಸು ಬೇಗ ಇಳಿಯುತ್ತ ಹೋಗಬೇಕು. ಅಂದರೆ ಮೇಜಿನ ಮುಂದೆ ಒಂದು ವಾಟ್ ಸದ್ದೇ ದಿನವಿಡೀ ಕೇಳಲು ಹೆಚ್ಚಾಯಿತು! ಐದು-ಹತ್ತು ವಾಟ್ ಆರ್‌ಎಂಎಸ್ ಮೇಜಿಗೆ ಬೇಕಾದಷ್ಟು. ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತು ಕೇಳಬೇಕು ಎಂದರೆ 30-40. ಅದಕ್ಕಿಂತ ಮೇಲೆ ಬೇಕೆನ್ನುವವರು ಅಹುಜಾ ಹಾರ್ನ್ ಬಾಡಿಗೆ ಕೊಡುವವರ ಹತ್ತಿರ ಹೋಗುವುದು ಲೇಸು.

ಹಾಡಿಗೆ ಏನು ಬೇಕು

ನಮ್ಮ ಜಿಲ್ಲೆಗೆ ಕಿವಿಯ ಸಂಸ್ಕಾರ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, 1892ರಲ್ಲಿ. ಪುಟ್ಟರಾಜ ಗವಾಯಿಗಳು ಹುಟ್ಟಿದ್ದು ದೇವಗಿರಿಯಲ್ಲಿ, 1914ರಲ್ಲಿ. ಶಿಶುನಾಳದ ಶರೀಫರು ನಮ್ಮ ಶಿಗ್ಗಾಂವಿ ಕಡೆಯವರು, ಅವರ ತತ್ವಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದ್ದು ಸಿ. ಅಶ್ವತ್ಥ್ ಅವರ ಕಂಠ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಅಡತಿ ಅಂಗಡಿಯ ಗಾದಿಯ ಮೇಲೆ ಕೂತವರೂ ಒಂದೇ ಸ್ಪೀಕರಿನ ಮರದ ರೇಡಿಯೋದಲ್ಲಿ ರಾಗ ಗುರುತಿಸುತ್ತಿದ್ದರು. ಆ ರೇಡಿಯೋದಲ್ಲಿ ಎದೆ ಗುದ್ದುವ ಬೇಸ್ ಇರಲಿಲ್ಲ, ಕಂಠ ಮಾತ್ರ ಸ್ಪಷ್ಟವಾಗಿತ್ತು.

ಅದಕ್ಕೆ ಕಾರಣವಿದೆ. ಮನುಷ್ಯನ ಕಿವಿ ಕೇಳುವುದು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ. ಗಂಡಸಿನ ಮಾತಿನ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಜ್, ಹೆಂಗಸಿನದು 165ರಿಂದ 255. ಆದರೆ ಹಾಡಿದ ಅಕ್ಷರ ಯಾವುದೆಂದು ತಿಳಿಯುವುದು ಹೆಚ್ಚಾಗಿ ಸಾವಿರದಿಂದ ನಾಲ್ಕು ಸಾವಿರ ಹರ್ಟ್ಜ್ ನಡುವೆ. 'ಸ', 'ಶ'ಗಳ ಸೀಳು ಅದಕ್ಕೂ ಮೇಲೆ. ಈ ನಡುವಿನ ಪಟ್ಟಿ ಮಸುಕಾದರೆ ವಚನ ಹಾಡಿದರೂ ಒಂದೇ, ಬಾವಿಯೊಳಗೆ ಬಿದ್ದು ಕೂಗಿದರೂ ಒಂದೇ. ಅಗ್ಗದ ಸೆಟ್ಟುಗಳಲ್ಲಿ ಆಗುವುದು ಇದೇ. ಕೆಳಗಿನ ಬೇಸನ್ನು ಉಬ್ಬಿಸಿ, ಮೇಲಿನ ಚಿಣಿಚಿಣಿಯನ್ನು ಉಬ್ಬಿಸಿ, ನಡುವಿನ ಕಂಠವನ್ನು ಹಳ್ಳಕ್ಕೆ ತಳ್ಳಿರುತ್ತಾರೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದರೆ 'ಆಹಾ' ಎನಿಸುತ್ತದೆ. ಮನೆಯಲ್ಲಿ ಎರಡು ತಾಸು ಕೇಳಿದರೆ ತಲೆ ಸಿಡಿಯುತ್ತದೆ.

ಡಬ್ಬಿಯ ಮೇಲೆ '20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್' ಎಂದು ಬರೆದಿದ್ದರೂ ಮೋಸ ಹೋಗಬಾರದು. ಎಷ್ಟು ಡೆಸಿಬಲ್ ಏರಿಳಿತದೊಳಗೆ ಎಂದು ಹೇಳದ ಅಂಕಿ ಅದು. ಎರಡು ಅಂಗುಲದ ಕೋನು 40 ಹರ್ಟ್ಜ್ ಹೊರಡಿಸಲು ಗಾಳಿಯನ್ನು ಅಷ್ಟು ತಳ್ಳಲಾರದು. ಡೊಳ್ಳಿನ ಸದ್ದನ್ನು ಕಂಜಿರದಿಂದ ಎಬ್ಬಿಸಲು ಆಗುತ್ತದೆಯೇ?

ಆದುದರಿಂದ ಹಾಡೇ ಮುಖ್ಯ ಎನ್ನುವವರಿಗೆ 2.0 ಎಂಬ ಬರೀ ಜೋಡಿ ಸ್ಪೀಕರ್ ಸಾಕು, ಆದರೆ ಕೋನು ಮೂರೂವರೆ-ನಾಲ್ಕು ಅಂಗುಲದ್ದು ಇರಲಿ, ಟ್ವೀಟರ್ ಬೇರೆ ಇರಲಿ, ಪೆಟ್ಟಿಗೆ ಒತ್ತುಹಲಗೆಯದಿರಲಿ. ಬೆರಳಿನಿಂದ ತಟ್ಟಿದರೆ 'ಠಕ್' ಎಂದು ಗಟ್ಟಿಯಾಗಿ ಕೇಳಬೇಕು, ಬಕೆಟ್ ಬಡಿದಂತೆ ಕೇಳಬಾರದು. ಸಿನಿಮಾ ಹಾಡು, ರಿಮಿಕ್ಸು, ಜನಪದ ಹಾಡಿನ ಹಲಗೆ ಬಡಿತ ಬೇಕು ಎನ್ನುವವರಿಗೆ ಕೆಳಗೊಂದು ಸಬ್‌ವೂಫರ್ ಇರುವ 2.1. ಐದು ಸ್ಪೀಕರಿನ 5.1 ಸೆಟ್ಟು ಸಿನಿಮಾ ನೋಡುವವರಿಗೆ. ಮಲಗುವ ಕೋಣೆಯೇ ಓದುವ ಕೋಣೆಯೂ ಆಗಿರುವ ನಮ್ಮ ಮನೆಗಳಲ್ಲಿ ಹಿಂದಿನ ಎರಡು ಸ್ಪೀಕರ್ ಇಡಲು ಜಾಗವೆಲ್ಲಿ? ಕೊನೆಗೆ ಐದನ್ನೂ ಟಿವಿ ಸ್ಟ್ಯಾಂಡಿನ ಮೇಲೆ ಗಣಪತಿಗಳ ಹಾಗೆ ಸಾಲಾಗಿ ಕೂಡಿಸಿದ ಮನೆಗಳನ್ನು ನೋಡಿದ್ದೇನೆ. ಹಾಗಿಟ್ಟರೆ 5.1ಕ್ಕೆ ಕೊಟ್ಟ ಹೆಚ್ಚಿನ ಹಣ ನೀರಲ್ಲಿ ಹೋಮ.

ಆಟಕ್ಕೆ ಏನು ಬೇಕು

'ಗೇಮಿಂಗ್' ಎಂದ ಕೂಡಲೇ ಬ್ಯಾಡಗಿಯ ಸಾಹುಕಾರರಿಂದ ಹಿಡಿದು ಹಾವೇರಿಯ ಮಾಸ್ತರರವರೆಗೆ ಅಪ್ಪಂದಿರಿಗೆಲ್ಲ ಹೊಟ್ಟೆಯಲ್ಲಿ ಕಲಕಿದಂತಾಗುತ್ತದೆ. ಅವರ ಹೆದರಿಕೆಗೆ ಅರ್ಥ ಇಲ್ಲದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಲ್ಲಿ ಮನೆ ಹಾಳಾದ ಸುದ್ದಿಗಳನ್ನು ನಾವೇ ಪತ್ರಿಕೆಯವರು ಅಚ್ಚು ಹಾಕಿದ್ದೇವೆ. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ತಂದು ಅಂಥ ಹಣದಾಟಗಳನ್ನು ನಿಷೇಧಿಸಿತು. ಅದೇ ಕಾಯಿದೆ ಪಂದ್ಯದ ರೂಪದ ಇ-ಸ್ಪೋರ್ಟ್ಸ್ ಆಟಕ್ಕೆ ಮಾನ್ಯತೆ ಕೊಟ್ಟಿದೆ. ಎರಡನ್ನೂ ಒಂದೇ ಕಂಬಕ್ಕೆ ಕಟ್ಟಬಾರದು. ಪಬ್‌ಜಿ ಎಂಬ ಆಟದ ಪಾಡು ಎಲ್ಲರಿಗೂ ನೆನಪಿದೆ: 2020ರ ಸೆಪ್ಟೆಂಬರಿನಲ್ಲಿ ನಿಷೇಧ, 2021ರಲ್ಲಿ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಮರುಜನ್ಮ, 2022ರಲ್ಲಿ ಮತ್ತೆ ಮಾಯ, 2023ರಲ್ಲಿ ಮತ್ತೆ ಪ್ರತ್ಯಕ್ಷ. ನಮ್ಮ ಕೆಲವು ಶಾಸಕರು ಕೂಡ ಇಷ್ಟು ಸಲ ಹೋಗಿ ಬಂದಿರಲಾರರು.

ಇರಲಿ, ಸ್ಪೀಕರಿಗೆ ಬರೋಣ. ಗುಂಡಿನ ಆಟದಲ್ಲಿ ಹುಡುಗನಿಗೆ ಬೇಕಾದದ್ದು ಸದ್ದಿನ ಗಾತ್ರಕ್ಕಿಂತ ದಿಕ್ಕು. ಎದುರಾಳಿಯ ಹೆಜ್ಜೆ ಎಡಕ್ಕೋ ಬಲಕ್ಕೋ, ಹಿಂದಕ್ಕೋ. ಎರಡು ಕಿವಿಗಳಿಗೆ ಸದ್ದು ತಲುಪುವ ಹೊತ್ತಿನಲ್ಲಿ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರ ಇರುತ್ತದೆ, ಆ ಅಂತರದಿಂದಲೂ ಎರಡು ಕಿವಿಗೆ ಬೀಳುವ ಸದ್ದಿನ ಹೆಚ್ಚುಕಡಿಮೆಯಿಂದಲೂ ಮಿದುಳು ದಿಕ್ಕು ಹಿಡಿಯುತ್ತದೆ. ಸ್ಪೀಕರಿನಲ್ಲಿ ತೊಡಕೇನೆಂದರೆ ಎಡ ಸ್ಪೀಕರಿನ ಸದ್ದು ಬಲ ಕಿವಿಗೂ ಹೋಗುತ್ತದೆ. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಆದುದರಿಂದ ಪಂದ್ಯಕ್ಕೆ ಆಡುವ ಹುಡುಗನಿಗೆ ಒಂದು ತಂತಿಯ ಹೆಡ್‌ಫೋನ್ ಕೊಡಿಸುವುದು ಸ್ಪೀಕರಿಗಿಂತ ಮೇಲು, ಮನೆಯಲ್ಲಿ ಮಲಗಿದವರಿಗೂ ಮೇಲು. ಕಾರು ಓಡಿಸುವ ಆಟ, ಕಥೆಯ ಆಟ, ಕ್ರಿಕೆಟ್, ಫುಟ್‌ಬಾಲ್ ಆಟಗಳಿಗೆ ಮಾತ್ರ ಸ್ಪೀಕರಿನಲ್ಲಿ ಇರುವ ಮಜಾ ಬೇರೆ.

ಎರಡನೆಯದು ತಡ. ಬ್ಲೂಟೂತಿನಲ್ಲಿ ಸದ್ದು ಮುದುಡಿಕೊಂಡು ಹೋಗಿ ಅಲ್ಲಿ ಬಿಚ್ಚಿಕೊಳ್ಳಬೇಕು. ಸಾಮಾನ್ಯ ಬ್ಲೂಟೂತ್ ಸ್ಪೀಕರಿನಲ್ಲಿ ಇದಕ್ಕೆ 150ರಿಂದ 250 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಕಾಲು ಭಾಗದವರೆಗೂ ಹಿಡಿಯುತ್ತದೆ. ಹಾಡು ಕೇಳುವವನಿಗೆ ಇದು ಗೊತ್ತೇ ಆಗುವುದಿಲ್ಲ. ಸಿನಿಮಾ ತೋರಿಸುವ ಆಪುಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ. ಆಟ ಹಾಗಲ್ಲ, ಗುಂಡು ಹಾರಿದ ಮೇಲೆ ಸದ್ದು ಬಂದರೆ ಹುಡುಗ ಸತ್ತ ಮೇಲೆ ವೈದ್ಯರು ಬಂದ ಹಾಗೆ. ತಂತಿಯ ಸ್ಪೀಕರಿನಲ್ಲಿ ಇಂಥ ತಡ ಗಮನಕ್ಕೇ ಬರದು. ಬ್ಲೂಟೂತ್ ಇದ್ದರೆ ಇರಲಿ, ಅಪ್ಪ ಮೊಬೈಲಿನಿಂದ ವಚನ ಹಚ್ಚಲು ಅದು ಬೇಕಾಗುತ್ತದೆ. ಆದರೆ ಅದರ ಜೊತೆಗೆ 3.5 ಮಿಲಿಮೀಟರಿನ ಆಕ್ಸ್ ಪಿನ್ನೋ, ಯುಎಸ್‌ಬಿಯೋ, ಕೆಂಪು-ಬಿಳಿ ಆರ್‌ಸಿಎ ತೂತುಗಳೋ ಇರುವ ಸ್ಪೀಕರನ್ನೇ ತರಬೇಕು.

ಅಂದಹಾಗೆ ಕಂಪ್ಯೂಟರಿಗೆ ಈ ಕಂಠ ಬಂದದ್ದು ಇತ್ತೀಚೆಗೆ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಹೊಟ್ಟೆಯೊಳಗಿನ ಪುಟ್ಟ ಸ್ಪೀಕರಿಗೆ ಬರುತ್ತಿದ್ದುದು ಬರೀ 'ಬೀಪ್'. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡು ತಂದ ಮೇಲೆ ಆಟಗಳಿಗೆ ಸಂಗೀತ ಬಂತು, ಮೇಜಿನ ಮೇಲೆ ಜೋಡಿ ಸ್ಪೀಕರ್ ಬಂದವು. ಸ್ಪೀಕರಿನ ಒಳಗಿನ ವಿದ್ಯೆ ಮಾತ್ರ ಹಳೆಯದು. ಸುರುಳಿ, ಅಯಸ್ಕಾಂತ, ಕಾಗದದ ಕೋನು ಇರುವ ಈಗಿನ ನಮೂನೆಯನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ರೂಪಿಸಿದ್ದು 1925ರಲ್ಲಿ. ನೂರು ವರ್ಷವಾದರೂ ಮೂಲ ತತ್ವ ಬದಲಾಗಿಲ್ಲ, ಹೊಸದಾಗಿ ಸೇರಿದ್ದರಲ್ಲಿ ಎದ್ದು ಕಾಣುವುದು ಬಣ್ಣದ ದೀಪ!

ಆ ದೀಪದ ಬಗ್ಗೆ ಒಂದು ಮಾತು. 'ಗೇಮಿಂಗ್ ಸ್ಪೀಕರ್' ಎಂದು ಬೇರೆ ಹೆಸರಿಟ್ಟು ಮಾರುವುದರಲ್ಲಿ ಬಹಳಷ್ಟು ಬರೀ ದೀಪದ ಅಲಂಕಾರ. ಬಣ್ಣಕ್ಕೆ ಬೆಲೆ ಕಟ್ಟುವುದು ಬ್ಯಾಡಗಿ ಮೆಣಸಿನಕಾಯಿಗೆ ಸರಿ. ಖಾರ ಕಡಿಮೆ, ಬಣ್ಣ ಗಾಢ ಎಂಬುದೇ ಅದರ ಹೆಚ್ಚುಗಾರಿಕೆ, ಅದಕ್ಕೇ 2011ರಲ್ಲಿ ಭೌಗೋಳಿಕ ಗುರುತಿನ ಪಟ್ಟವೂ ಸಿಕ್ಕಿತು. ಸ್ಪೀಕರಿನ ಬಣ್ಣದಿಂದ ಕಿವಿಗೆ ಬರುವುದು ಸೊನ್ನೆ.

ಅಂಗಡಿಯಲ್ಲಿ ಕೇಳುವ ಬಗೆ

ಅಂಗಡಿಯವರು ಹಚ್ಚುವ ಹಾಡು ಕೇಳಬೇಡಿ. ಆ ಹಾಡನ್ನು ಆ ಸ್ಪೀಕರಿಗೆ ಒಪ್ಪುವಂತೆ ಆರಿಸಿರುತ್ತಾರೆ. ನಿಮ್ಮ ಮೊಬೈಲಿನಲ್ಲಿ ನೀವು ನೂರು ಸಲ ಕೇಳಿದ ಎರಡು ಹಾಡು ಇಟ್ಟುಕೊಂಡು ಹೋಗಿ: ಒಂದು ಬರೀ ಕಂಠ-ಹಾರ್ಮೋನಿಯಂ-ತಬಲಾ ಇರುವುದು, ಒಂದು ಗದ್ದಲದ್ದು. ಈಗಿನ ಎಷ್ಟೋ ಮೊಬೈಲುಗಳಲ್ಲಿ ಹೆಡ್‌ಫೋನ್ ತೂತೇ ಇಲ್ಲ, ಟೈಪ್-ಸಿ ತುಂಡು ತಂತಿ ಜೊತೆಗಿರಲಿ.

ಎರಡು ಸ್ಪೀಕರ್ ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಬೇಕು. ತುಸು ಜೋರಾಗಿ ಹಚ್ಚಿದ್ದೇ ಚೆನ್ನಾಗಿದೆ ಎಂದು ಕಿವಿ ಮೋಸ ಹೋಗುತ್ತದೆ, ಇದು ಮನುಷ್ಯ ಸ್ವಭಾವ. ಜಾಣ ವ್ಯಾಪಾರಿಗಳಿಗೆ ಇದು ಗೊತ್ತಿರುವುದರಿಂದ ಹೆಚ್ಚಿನ ದರದ್ದನ್ನು ತುಸು ಜೋರಾಗಿ ಹಚ್ಚುತ್ತಾರೆ. ಮೊದಲು ತೀರ ಸಣ್ಣ ದನಿಯಲ್ಲಿ ಕೇಳಿ, ಸಣ್ಣ ದನಿಯಲ್ಲೂ ಹಾಡಿನ ಅಕ್ಷರ ತಿಳಿಯಬೇಕು. ಆಮೇಲೆ ಮುಕ್ಕಾಲು ತಿರುವಿ ನೋಡಿ, ಪೆಟ್ಟಿಗೆ ಗರಗರ ಅನ್ನಬಾರದು. ಕೊನೆಗೆ ಹಾಡು ನಿಲ್ಲಿಸಿ ಕಿವಿ ಹತ್ತಿರ ಒಯ್ದು 'ಸ್‌ಸ್' ಎಂಬ ಸದ್ದು ಎಷ್ಟಿದೆ ನೋಡಿ. ಮಧ್ಯಾಹ್ನ ಮೂರರ ಸುಮಾರಿಗೆ ಹೋಗುವುದು ಒಳ್ಳೆಯದು, ಸಂಜೆ ಗಿರಾಕಿಗಳ ಗದ್ದಲದಲ್ಲಿ ಗುಣ ತಿಳಿಯದು. "ಹಂಗ್ಯಾಕ್ರಿ, ಇಷ್ಟ್ ಕೇಳಿದ್ರ ನಾವು ವ್ಯಾಪಾರ ಮಾಡೋದು ಯಾವಾಗ?" ಎಂದು ಹಾವೇರಿಯ ಅಂಗಡಿಕಾರರೊಬ್ಬರು ನಗುತ್ತಲೇ ಅಂದರು. ಆದರೂ ಹಚ್ಚಿ ತೋರಿಸಿದರು. ಆನ್‌ಲೈನಿನಲ್ಲಿ ಇಲ್ಲದ ಅನುಕೂಲ ಇದೊಂದೇ, ಊರ ಅಂಗಡಿಕಾರರು ಇದನ್ನು ಬಿಟ್ಟುಕೊಟ್ಟರೆ ಅವರಿಗೆ ಉಳಿಯುವುದೇನು?

ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ದರ, ದೂರು ಹೇಳಲು ಸಂಪರ್ಕ ಇರಲೇಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುತ್ತದೆ. ಇಲ್ಲದ ಮಾಲು ಹಿಡಿದು ಬಂದರೆ ವಾರಂಟಿ ಕೇಳಲು ಯಾವ ಬಾಗಿಲಿಗೆ ಹೋಗುವುದು? ಬಿಲ್ಲು ಬೇಡವೆಂದರೆ ನೂರು ರೂಪಾಯಿ ಕಡಿಮೆ ಎಂಬ ಮಾತಿಗೆ ಮರುಳಾದವರು ಆರು ತಿಂಗಳಿಗೆ ಸ್ಪೀಕರ್ ಮೂಕವಾದಾಗ ಬಾಯಿ ಬಡಿದುಕೊಳ್ಳುತ್ತಾರೆ. ಬಿಲ್ಲು ಇದ್ದವರಿಗೆ 1915 ಎಂಬ ಗ್ರಾಹಕ ಸಹಾಯವಾಣಿ ಇದೆ, ಹಾವೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ, 5 ಲಕ್ಷದೊಳಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ.

ಒಲೆಗುಂಡಿನ ಲೆಕ್ಕ

ತಂದ ಮೇಲೆ ಇಡುವುದರಲ್ಲೇ ಅರ್ಧ ಗುಣ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಈ ಮೂರೂ ಒಲೆಯ ಮೂರು ಗುಂಡುಗಳಂತೆ ಸಮ ದೂರದಲ್ಲಿರಬೇಕು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಬರದಿದ್ದರೆ ಕೆಳಗೆ ಎರಡು ಹಳೆ ಗೈಡುಗಳನ್ನು ಇಡಿ, ಪರೀಕ್ಷೆ ಮುಗಿದ ಮೇಲೆ ಅವುಗಳಿಗೆ ಬೇರೆ ಉಪಯೋಗವೂ ಇಲ್ಲ. ಬೆನ್ನಿನಲ್ಲಿ ತೂತಿರುವ ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬಾರದು, ಒಂದು ಗೇಣಾದರೂ ಬಿಡಬೇಕು. ಸಬ್‌ವೂಫರನ್ನು ನೆಲದ ಮೇಲೆ ಎಲ್ಲಿಟ್ಟರೂ ನಡೆಯುತ್ತದೆ, ಏಕೆಂದರೆ 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಎಂದು ಕಿವಿಗೆ ತಿಳಿಯುವುದಿಲ್ಲ. ಮೂಲೆಗೆ ತಳ್ಳಿದರೆ ಮಾತ್ರ ಬೇಸ್ ಉಬ್ಬಿ ಗುಂಯ್‌ಗುಡುತ್ತದೆ.

ಗ್ರಾನೈಟ್ ನೆಲ, ಬೋಳು ಗೋಡೆಯ ಹೊಸ ಆರ್‌ಸಿಸಿ ಮನೆಗಳಲ್ಲಿ ಸದ್ದು ಗೋಡೆಗೆ ಬಡಿದು ತಿರುಗಿ ಬಂದು ಹಾಡು ಕಲಸಿಹೋಗುತ್ತದೆ. ಇದಕ್ಕೆ ಸಾವಿರಾರು ರೂಪಾಯಿಯ ಸ್ಪಂಜು ಬೇಕಾಗಿಲ್ಲ. ನೆಲಕ್ಕೊಂದು ಕಂಬಳಿ, ಕಿಟಕಿಗೆ ದಪ್ಪ ಪರದೆ, ಎದುರು ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಆಯಿತು.

ಸ್ಪೀಕರಿನಲ್ಲಿ ಬಿಡದೆ 'ಗುಂಯ್' ಎನ್ನುವ ಸದ್ದು ಬಂದರೆ ಸ್ಪೀಕರನ್ನು ಬೈಯುವ ಮೊದಲು ಕರೆಂಟ್ ನೋಡಬೇಕು. ಕಂಪ್ಯೂಟರ್ ಒಂದು ಬೋರ್ಡಿಗೆ, ಸ್ಪೀಕರ್ ಇನ್ನೊಂದು ಬೋರ್ಡಿಗೆ ಹಚ್ಚಿದರೆ ಹೀಗಾಗುವುದುಂಟು, ಎರಡನ್ನೂ ಒಂದೇ ಬೋರ್ಡಿಗೆ ಹಚ್ಚಿ ನೋಡಿ. ಸದ್ದು ಹೋಗಲಿ ಎಂದು ಮೂರನೇ ಪಿನ್ನು ಕತ್ತರಿಸುವ ಮಹಾನುಭಾವರಿದ್ದಾರೆ, ಅದು ಜೀವಕ್ಕೆ ಅಪಾಯ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದ್ದರೆ ಮನೆಯ ಅರ್ಥಿಂಗ್ ಸರಿಯಿಲ್ಲ ಎಂದರ್ಥ, ವೈರಿಂಗ್‌ನವರನ್ನು ಕರೆಸಿ. ಕರೆಂಟ್ ಹೋದಾಗ ಮಾತ್ರ ಕರಕರ ಬಂದರೆ ಅದು ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಕಾಣಿಕೆ.

ಗೋಡೆಯಾಚೆಯವರು

ಇನ್ನು ನೆರೆಹೊರೆ. ರಾಣೆಬೆನ್ನೂರಿನ ಹಳೆ ಓಣಿಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಹಾಡಿನ ಕಂಠವನ್ನು ಗೋಡೆ ತಡೆಯುತ್ತದೆ, ಬೇಸನ್ನು ಅಷ್ಟು ಸುಲಭಕ್ಕೆ ತಡೆಯಲಾರದು. ಹೀಗಾಗಿ ಈಚೆ ಮನೆಯವನಿಗೆ ಹಾಡು, ಆಚೆ ಮನೆಯ ಅಜ್ಜಿಗೆ ರಾತ್ರಿಯಿಡೀ 'ಧಡ್ ಧಡ್'. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ಖಾಸಗಿ ಮನೆಯ ಸೌಂಡ್ ಸಿಸ್ಟಮ್ ಆ ಮನೆಯ ಎಲ್ಲೆಯಲ್ಲಿ ಈ ಮಿತಿಗಿಂತ 5ಕ್ಕೂ ಹೆಚ್ಚು ಡೆಸಿಬಲ್ ಮೀರಬಾರದು ಎಂದೂ ನಿಯಮವಿದೆ. ಡೀಜೆಗೆ ಮಾತ್ರ ಕಾನೂನು ಎಂದು ತಿಳಿದವರು ಗಮನಿಸಬೇಕು. ರಾತ್ರಿ ಒಂಬತ್ತಾದರೆ ಸಬ್‌ವೂಫರಿನ ಬೇಸ್ ಗುಬ್ಬಿಯನ್ನು ಸೊನ್ನೆಗೆ ತಿರುವಿ, ಹಾಡು ಹಾಗೇ ಇರಲಿ. ನೂರಕ್ಕೆ ಎಂಬತ್ತು ಜಗಳ ಅಲ್ಲಿಗೆ ಮುಗಿಯುತ್ತದೆ. ಬೇಸಿಗೆ ಬೇರೆ ಗುಬ್ಬಿ ಇಲ್ಲದ ಸೆಟ್ಟನ್ನು ಕೊಳ್ಳಲೇಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಬಸ್ಸಿನ ಓದುಗರು ಇಲ್ಲಿ ಒಂದು ಮಾತು ಸೇರಿಸಲು ಕಾಯುತ್ತಿರುತ್ತಾರೆ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವಷ್ಟು ಹೊತ್ತೂ ಹಿಂದಿನ ಸೀಟಿನವನ ಮೊಬೈಲಿನ ಕೀರಲು ಹಾಡು ಕೇಳುವ ಶಿಕ್ಷೆ ಅನುಭವಿಸಿದವರು ಅವರು. 2021ರ ನವೆಂಬರಿನಲ್ಲೇ ಕೆಎಸ್‌ಆರ್‌ಟಿಸಿ ಬಸ್ಸಿನೊಳಗೆ ಮೊಬೈಲ್ ಸ್ಪೀಕರ್ ಜೋರಾಗಿ ಹಚ್ಚಬಾರದೆಂದು ಆದೇಶ ಹೊರಡಿಸಿದೆ, ಕೇಳದವರನ್ನು ಕೆಳಗಿಳಿಸಬಹುದು. ಕೆಳಗಿಳಿಸಿದ ಕಂಡಕ್ಟರನ್ನು ಮಾತ್ರ ನಾನಿನ್ನೂ ಕಂಡಿಲ್ಲ.

ಹಾಗಾದರೆ ಆ ಹಿರಿಯರಿಗೆ ಉತ್ತರವೇನು? ಎರಡೂ ಒಂದರಲ್ಲಿ ಆಗುತ್ತವೆ. ನಾಲ್ಕು ಅಂಗುಲದ ಕೋನು, ಬೇರೆ ಟ್ವೀಟರ್, ಬೇಸ್-ಟ್ರೆಬಲ್ ಗುಬ್ಬಿ, ಆಕ್ಸ್ ಪಿನ್ನು, ಬ್ಲೂಟೂತ್ ಇರುವ ಮರದ ಪೆಟ್ಟಿಗೆಯ ಜೋಡಿ, 20ರಿಂದ 40 ವಾಟ್ ಆರ್‌ಎಂಎಸ್. ಕೈಯಲ್ಲಿರುವ ದುಡ್ಡಿಗೆ ಅದು ಎಟುಕದಿದ್ದರೆ ಸಣ್ಣ 2.0 ಜೋಡಿ ಅಪ್ಪನಿಗೆ, ಒಂದು ತಂತಿಯ ಹೆಡ್‌ಫೋನ್ ಮಗನಿಗೆ. ಎರಡೂ ಸೇರಿ ಆ ಐದು ಸಾವಿರ ವಾಟಿನ ದೀಪದ ಡಬ್ಬಿಗಿಂತ ಕಡಿಮೆ ಆದೀತು.

ಬ್ಯಾಡಗಿಯವರಿಗೆ ಕೊನೆಯದಾಗಿ ಬೇರೆಯೇ ಒಂದು ಸೂಚನೆ. ಹಂಗಾಮಿನಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ ತುಂಬಿದಾಗ ಊರಿಗೆ ಊರೇ ಸೀನುತ್ತದೆ. ಆ ಧೂಳು ಮೂಗಿಗೆ ಹೋದಂತೆ ಸ್ಪೀಕರಿನ ಗುಬ್ಬಿಯೊಳಗೂ ಹೋಗಿ ಕೂರುತ್ತದೆ. ದನಿ ಏರಿಸುವಾಗ ಕರ್‌ಕರ್ ಎನ್ನುವುದು, ಒಂದು ಕಡೆಯ ಸ್ಪೀಕರ್ ನಿಂತು ನಿಂತು ಹಾಡುವುದು ಅದರ ಲಕ್ಷಣ. "ಸ್ಪೀಕರ್ ಹೋತ್ರಿ" ಎಂದು ಹೊತ್ತುಕೊಂಡು ಬರುವ ಸೆಟ್ಟುಗಳಲ್ಲಿ ಕೆಲವಕ್ಕೆ ಬೇಕಾಗಿರುವುದು ಕಾಂಟ್ಯಾಕ್ಟ್ ಕ್ಲೀನರಿನ ಎರಡು ಹನಿ, ಗುಬ್ಬಿಯನ್ನು ಹತ್ತು ಸಲ ಹಿಂದೆ ಮುಂದೆ ತಿರುವುವುದು. ಕೋನಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಬಣ್ಣ ಹಚ್ಚುವ ಮೆತ್ತನೆಯ ಕುಂಚದಿಂದ ಜಾಡಿಸಿ. ಕೆಲಸ ಇಲ್ಲದಾಗ ಮೇಲೊಂದು ಹಳೆ ಪಂಜೆ ಹೊದಿಸಿಟ್ಟರೆ ಸಾಕು.